‘ತೆಗೀರಿ’ ಅಂದಿದ್ದಳು

ಅವಳ ಮುಖ ಹೇಗಿತ್ತು ಎಂದು ಮಾತ್ರ ಕೇಳಬೇಡಿ, ನಾನು ಹೇಳುವವಳಲ್ಲ. ಉಳಿದದ್ದನ್ನೆಲ್ಲ ಹೇಳುತ್ತೇನೆ. ಇಪ್ಪತ್ತಾರು ವರ್ಷದಿಂದ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ಜನಕ್ಕೆಲ್ಲ ಉತ್ತರ ಹೇಳಿದವಳು ನಾನು. ಹತ್ತೂವರೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವವರಿಗೂ ಹಲ್ಲು ಕಚ್ಚಿಕೊಂಡು ಹತ್ತೂವರೆಗೆ ಎಂದಿದ್ದೇನೆ. ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಸವೆದುಹೋಗಿದೆ. ಮನೆಗೆ ಹೋದರೆ ಮಾತೇ ಬೇಡ ಅನ್ನಿಸುತ್ತದೆ. “ಊಟಕ್ಕೇನಿದೆ?” ಎಂದು ನಮ್ಮ ಯಜಮಾನರು ಕೇಳಿದರೆ ಪಾತ್ರೆಯ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತೇನೆ. ಇಲ್ಲಿ ಎಲ್ಲರ ಬಾಯಲ್ಲೂ ನಾನು ಮೈಕಮ್ಮ.

ಅವಳನ್ನು ಛತ್ರಿಯಕ್ಕ ಎನ್ನುತ್ತಿದ್ದರು. ಛತ್ರಿ ಎಂದರೆ ನೀವು ಅಂದುಕೊಂಡ ಅರ್ಥದ ಛತ್ರಿ ಅಲ್ಲ. ಅಂಥ ಛತ್ರಿಗಳು ನಮ್ಮ ಆಫೀಸಿನ ಒಳಗೆ ಕುರ್ಚಿಯ ಮೇಲೆ ಕೂತಿದ್ದಾರೆ. ಇವಳು ಬಸ್ಸುಗಳ ಒಳಗೆ ಕಸ ಗುಡಿಸುವವಳು. ಜನ ಮರೆತು ಬಿಟ್ಟುಹೋದ ಛತ್ರಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಕೌಂಟರಿಗೆ ತಂದುಕೊಡುತ್ತಿದ್ದಳು. ಸಿಕ್ಕಿದ ವಸ್ತುಗಳ ರಿಜಿಸ್ಟರ್ ಬರೆಯುವುದು ನನ್ನ ಪಾಲಿಗೇ ಬಂದಿದ್ದ ಇನ್ನೊಂದು ಕರ್ಮ. ದಿನಾಂಕ, ವಸ್ತು, ಸಿಕ್ಕಿದ ಜಾಗ, ಯಾರದು, ಹೀಗೆ ನಾಲ್ಕು ಖಾನೆ.

ಅವಳ ಕೆಲಸ ನೋಡಿದರೆ ನನಗೇ ಬೆನ್ನು ನೋಯುತ್ತಿತ್ತು. ಒಂದು ಬಸ್ಸು ಬಂದು ಮತ್ತೆ ಹೊರಡುವುದಕ್ಕೆ ಸಿಗುವುದು ಹದಿನೈದು ನಿಮಿಷ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಶುರುಮಾಡಿ ಬಾಗಿಕೊಂಡೇ ಮುಂದೆ ಬರಬೇಕು. ಶೇಂಗಾ ಸಿಪ್ಪೆ, ಬಿಸ್ಕತ್ತಿನ ಕಾಗದ, ಹರಿದ ಟಿಕೆಟ್ಟು. ಯಾವುದಾದರೂ ಮಗು ವಾಂತಿ ಮಾಡಿದ್ದರೆ ಅದರ ಮೇಲೆ ಮಣ್ಣು ಚೆಲ್ಲಿ, ರಟ್ಟಿನಿಂದ ಬಾಚಿ, ನೀರು ಹಾಕಿ ಒರೆಸಬೇಕು. ಹೀಗೆ ಒಂದು ಪಾಳಿಗೆ ಇಪ್ಪತ್ತೆರಡು ಬಸ್ಸು. ಕೊನೆಯ ಬಸ್ಸಿನಿಂದ ಇಳಿಯುವಾಗ ಕಂಬಿ ಹಿಡಿದು ಅಡ್ಡಡ್ಡವಾಗಿ ಇಳಿಯುತ್ತಿದ್ದಳು.

ನಿಲ್ದಾಣದಲ್ಲಿ ಇರುವುದು ಆರು ಪ್ಲಾಟ್‌ಫಾರ್ಮ್. ಸ್ಟೋರ್ ರೂಮಿನ ಹಿಂದೆ, ಹಳೇ ಟೈರು ರಾಶಿ ಹಾಕಿದ ಕಡೆ ಒಂದು ಕಲ್ಲುಚಪ್ಪಡಿ ಇದೆ. ಅದರ ಪಕ್ಕದಲ್ಲೇ ರಸ್ತೆಗೆ ಹೋಗುವ ಹಿಂಬಾಗಿಲು. ನಾವಿಬ್ಬರು ಅಲ್ಲಿ ಕೂತು ಟೀ ಕುಡಿಯುತ್ತಿದ್ದೆವು. ಅದಕ್ಕೆ ಏಳನೇ ಪ್ಲಾಟ್‌ಫಾರ್ಮ್ ಎಂದು ಹೆಸರಿಟ್ಟವಳು ಅವಳೇ. “ಅಕ್ಕಾ, ಏಳಕ್ಕೆ ಬರ್ತೀರಾ?” ಎಂದು ಗಾಜು ತಟ್ಟುತ್ತಿದ್ದಳು. ಅಲ್ಲಿಂದ ಯಾವ ಬಸ್ಸೂ ಹೊರಡುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಅದೇ ನಮಗೆ ಸುಖ.

ಅಲ್ಲೇ ಒಂದು ದಿನ ತನ್ನ ಕತೆ ಹೇಳಿದಳು. ಪರಿಚಯವಾಗಿ ಮೂರು ವರ್ಷ ಆದಮೇಲೆ. ಅವಳ ಒಂದು ಮುಂಗೈ ಸೊಟ್ಟಗಿತ್ತು. ಗಂಡ ಬಾಗಿಲಸಂದಿಗೆ ಇಟ್ಟು ಬಾಗಿಲು ಹಾಕಿದ್ದನಂತೆ. ಎಡಗೈಯೋ ಬಲಗೈಯೋ ಅದೂ ನಿಮಗೆ ಬೇಡ. ಮೂಳೆ ಕೂಡುವುದಕ್ಕೂ ಕಾಯದೆ ಸಿಕ್ಕಿದ ಬಸ್ಸು ಹತ್ತಿದ್ದಾಳೆ. ಕೊನೆಯ ನಿಲ್ದಾಣ ಬಂದರೂ ಹಿಂದಿನ ಸೀಟಿನಿಂದ ಏಳಲಿಲ್ಲ. ಇಳಿದರೆ ಎಲ್ಲಿಗೆ ಹೋಗುವುದು? ಕಸ ಗುಡಿಸಲು ಬಂದ ಮುದುಕಿ ಅವಳ ಕೈಗೂ ಒಂದು ಪೊರಕೆ ಕೊಟ್ಟಳಂತೆ. ಅಂದಿನಿಂದ ಇಲ್ಲೇ.

“ಹೊರಟಾಗ ಏನಂದ ಗೊತ್ತಾ ಅಕ್ಕ? ನೀನು ಎಲ್ಲಿದ್ರೂ ಹುಡುಕಿ ಬರ್ತೀನಿ, ಇನ್ನೊಂದು ಕೈ ಬಾಕಿ ಇದೆ ಅಂದ.”

ಅದಕ್ಕೇ ಅವಳ ಕೊರಳಿನ ಗುರುತಿನ ಚೀಟಿ ಯಾವಾಗಲೂ ತಿರುಗಿರುತ್ತಿತ್ತು. ಫೋಟೋ ಇದ್ದ ಬದಿ ಎದೆಗೆ, ಖಾಲಿ ಬದಿ ಹೊರಗೆ. ಮೇಲ್ವಿಚಾರಕ ಗದರಿದರೆ “ಗಾಳಿಗೆ ತಿರುಗ್ತು ಸಾರ್” ಎನ್ನುವಳು. ಕಂಡಕ್ಟರುಗಳು ಯಾರಾದರೂ ನಿವೃತ್ತಿಯಾದಾಗ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆಗ ಇವಳು “ಕೊಡಿ ಇಲ್ಲಿ, ನಾನೇ ಒತ್ತುತೀನಿ” ಎಂದು ಮೊಬೈಲು ಕಿತ್ತುಕೊಳ್ಳುತ್ತಿದ್ದಳು. ಹನ್ನೊಂದು ವರ್ಷ ಹಾಗೇ ತಪ್ಪಿಸಿಕೊಂಡಳು.

ಕ್ಯಾಮೆರಾ ಮೇಷ್ಟ್ರು ಬರತೊಡಗಿದ್ದು ಕಳೆದ ವರ್ಷ. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಭಾನುವಾರ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬಂದು ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುವವರು, ಹಮಾಲರಿಗೆ ಟೀ ಕುಡಿಸುವವರು. ಫೋಟೋ ತೆಗೆಯುವಾಗ ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ.

ಒಂದು ಸೋಮವಾರ ಬಂದು ನೋಡಿದರೆ ಕಾಯುವ ಹಾಲಿನ ಗೋಡೆಯ ಮೇಲೆ ಬಾಗಿಲಷ್ಟು ದೊಡ್ಡ ಫೋಟೋ. ಬಸ್ಸಿನ ಮೆಟ್ಟಿಲ ಮೇಲೆ ಛತ್ರಿಯಕ್ಕ, ಕಂಕುಳಲ್ಲಿ ಏಳು ಛತ್ರಿ. ಬಾಯಿತುಂಬ ನಗುತ್ತಿದ್ದಾಳೆ. ಹಿಂದೆ ನಮ್ಮ ನಿಲ್ದಾಣದ ಬೋರ್ಡು, ಅಕ್ಷರ ಅಕ್ಷರವೂ ಕಾಣುವ ಹಾಗೆ. ಸ್ವಚ್ಛತಾ ಸಪ್ತಾಹಕ್ಕೆಂದು ಮೇಷ್ಟ್ರು ಪ್ರೀತಿಯಿಂದ ಕೊಟ್ಟರು, ಮ್ಯಾನೇಜರು ಹೆಮ್ಮೆಯಿಂದ ತೂಗುಹಾಕಿಸಿದರು. ನಾನೂ ಅದರ ಮುಂದೆ ನಿಂತು ನಕ್ಕೆ ಕಣ್ರೀ. ಎಲ್ಲ ಗೊತ್ತಿದ್ದ ನಾನೇ! “ಎಷ್ಟು ಚೆನ್ನಾಗಿ ಬಂದಿದಾಳೆ ನಮ್ಮ ಛತ್ರಿ” ಎಂದು ಟಿಕೆಟ್ ಕೌಂಟರಿನವಳನ್ನು ಕರೆದು ತೋರಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅವಳು ಬಂದಳು, ನೋಡಿದಳು. ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟಳು. ಆ ಹೊತ್ತಿಗೆ ಯಾರೋ ಇಬ್ಬರು ಹುಡುಗಿಯರು ಆ ಫೋಟೋದ ಫೋಟೋ ತೆಗೆದುಕೊಳ್ಳುತ್ತಿದ್ದರು.

“ಅಕ್ಕಾ, ಮೇಷ್ಟ್ರಿಗೆ ನೀವೇ ಹೇಳಿ. ನಂಗೆ ಮಾತು ಬರಲ್ಲ,” ಎಂದು ನನ್ನ ಗಾಜಿಗೆ ಬಾಯಿಟ್ಟು ಪಿಸುಗುಟ್ಟಿದಳು.

ಅವತ್ತು ಮೂರು ಬಸ್ಸು ತಡವಾಗಿದ್ದವು. ಜನ ನನ್ನ ತಲೆ ತಿನ್ನುತ್ತಿದ್ದರು. “ಭಾನುವಾರ ಬರ್ತಾರಲ್ಲ, ನೀನೇ ಹೇಳೇ. ಒಂದು ಮಾತು ತಾನೇ? ನಂಗೆ ಮೈಕ್ ಬಿಟ್ಟು ಏಳಕ್ಕಾಗುತ್ತಾ?” ಎಂದೆ. ಸುಸ್ತಾಗಿತ್ತು ನನಗೆ. ಈಗಲೂ ಅದನ್ನೇ ನೆಪ ಹೇಳಿಕೊಳ್ಳುತ್ತೇನೆ.

ಭಾನುವಾರ ಅವಳು ಸೀರೆಯ ಸೆರಗು ಸರಿಮಾಡಿಕೊಂಡು ಮೇಷ್ಟ್ರ ಮುಂದೆ ಹೋಗಿ ನಿಂತದ್ದು ಗಾಜಿನೊಳಗಿಂದ ಕಂಡಿತು. ಮಾತು ಕೇಳಿಸಲಿಲ್ಲ. ಆಮೇಲೆ ಅವಳೇ ಹೇಳಿದ್ದು. ಧೈರ್ಯ ಮಾಡಿ ಅವಳು ಅಂದದ್ದು ಇಷ್ಟೇ: “ಸಾರ್, ನನ್ನ ಫೋಟೋ ತೆಗೀರಿ.”

“ಅಯ್ಯೋ, ಅದಕ್ಕೇನಮ್ಮ!” ಎಂದು ಮೇಷ್ಟ್ರು ಮುಖ ಅರಳಿಸಿಕೊಂಡು ಎದ್ದೇಬಿಟ್ಟರು. ಟಕ್ ಟಕ್ ಎಂದು ಎರಡು ಹೊಡೆದರು.

“ಅಲ್ಲ ಸಾರ್, ತೆಗೀರಿ ಅಂದ್ರೆ...”

“ತೆಗೀತಾನೇ ಇದೀನಲ್ಲಮ್ಮ. ಅಲ್ಲಾಡಬೇಡಿ. ಆ ಬೆಳಕಿಗೆ ಸ್ವಲ್ಪ ಬನ್ನಿ.”

ಮತ್ತೆ ನಾಲ್ಕು. ಗೋಡೆಯಿಂದ ತೆಗೀರಿ ಎಂದು ಹೇಳಹೋದವಳು ಬೆಳಕಿಗೆ ಮುಖ ಕೊಟ್ಟು ನಿಂತುಬಂದಳು. ದೊಡ್ಡವರು ನಿಲ್ಲು ಎಂದರೆ ನಿಲ್ಲುವ ಅಭ್ಯಾಸ. ನನಗೆ ಹೇಳುವಾಗ ಅವಳಿಗೇ ನಗು ಬಂತು, ನಗುತ್ತಲೇ ಅತ್ತಳು. ಆ ಆರು ಫೋಟೋಗಳನ್ನೂ ಮೇಷ್ಟ್ರು ಸಂಜೆಯೇ ಮೊಬೈಲಿನಲ್ಲಿ ಲೋಕಕ್ಕೆಲ್ಲ ಹಂಚಿದರು. ಕೆಳಗೆ ಬರೆದದ್ದು: ‘ಇವರೇ ಬಂದು ಕೇಳಿ ತೆಗೆಸಿಕೊಂಡದ್ದು.’

ಆಗ ನಾನು ಮೈಕು ಬಿಟ್ಟು ಎದ್ದೆ. ಮುಂದಿನ ಭಾನುವಾರ ಸೀದಾ ಅವರ ಬೆಂಚಿಗೇ ಹೋದೆ.

“ಏನ್ ಸಾರ್ ನೀವು, ಕೇಳದೆ ಕಂಡವರ ಫೋಟೋ ತೆಗೀತೀರಲ್ಲ?”

“ಸಾರ್ವಜನಿಕ ಜಾಗ ಅಲ್ವಾ ಮೇಡಂ? ಕೇಳಿದ್ರೆ ಮುಖ ಬಿಗಿದುಕೊಂಡು ಬಿಡುತ್ತೆ. ಆ ನಗು ಸಿಗಲ್ಲ.”

“ಸಿಗದಿದ್ರೆ ಬಿಡಿ. ಜಾಗ ಸಾರ್ವಜನಿಕ, ಅವಳೂ ಸಾರ್ವಜನಿಕವಾ?”

“ಆಮೇಲೆ ಅವರೇ ಬಂದು ತೆಗೀರಿ ಅಂದ್ರಲ್ಲ!”

“ಗೋಡೆ ಮೇಲಿಂದ ತೆಗೀರಿ ಅಂದ್ಲು ಸಾರ್ ಅವಳು!”

ಗಟ್ಟಿಯಾಗಿ ಕೂಗಿಬಿಟ್ಟೆ. ಮೈಕಿನ ಗಂಟಲು ನೋಡಿ, ಹಮಾಲರೆಲ್ಲ ತಿರುಗಿ ನೋಡಿದರು. ಆಮೇಲೆ ಪಕ್ಕದಲ್ಲಿ ಕೂತು, ಹೇಳಬೇಕಾದಷ್ಟು ಮಾತ್ರ ಹೇಳಿದೆ. ಮೇಷ್ಟ್ರ ಮುಖ ಕಪ್ಪಿಟ್ಟಿತು. ಅಲ್ಲೇ ಮೊಬೈಲು ತೆಗೆದು ಒಂದೊಂದಾಗಿ ಅಳಿಸಿದರು. “ನಾನು ನಗು ಅಷ್ಟೇ ನೋಡಿದೆ ಮೇಡಂ,” ಎಂದರು. ನಾನು ನೋಡಿದ್ದೂ ಅಷ್ಟನ್ನೇ ಅಲ್ಲವೇ?

ಗೋಡೆಯದನ್ನು ಇಳಿಸಲು ಮೇಲಿನ ಆಫೀಸಿನಿಂದ ಪತ್ರ ಬರಬೇಕು ಎಂದರು ಮ್ಯಾನೇಜರು. ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಯಾರ್ಯಾರ ಮೊಬೈಲಿಗೆ ಹೋಯಿತೋ, ಯಾವ ಊರು ಸುತ್ತಿತೋ, ಯಾರು ಬಲ್ಲರು.

“ಅವನು ಬಂದ್ರೆ ಮೊದಲು ನಿಮ್ಮ ಹತ್ರಾನೇ ಬರ್ತಾನೆ ಅಕ್ಕ,” ಎಂದಳು ಅವಳು, ಟೀ ಲೋಟ ಕೈಯಲ್ಲಿ ತಿರುಗಿಸುತ್ತ. “ಎಲ್ಲರೂ ಅಲ್ಲಿಗೇ ತಾನೇ ಬರೋದು. ಬಂದ್ರೆ ಏಳನೇ ಪ್ಲಾಟ್‌ಫಾರ್ಮ್ ಅಂತ ಕೂಗಿ. ನಂಗೆ ಗೊತ್ತಾಗುತ್ತೆ.”

“ಬಿಡ್ತು ಅನ್ನು. ಯಾರೂ ಬರಲ್ಲ,” ಎಂದೆ.

ಎರಡು ತಿಂಗಳು ಯಾರೂ ಬರಲಿಲ್ಲ. ಆಮೇಲೆ ಒಂದು ಬುಧವಾರ ಮಧ್ಯಾಹ್ನ, ಊಟದ ಡಬ್ಬಿ ತೆರೆಯುತ್ತಿದ್ದೆ, ಗಾಜಿನ ಮುಂದೆ ಒಬ್ಬ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ರಾಕ್ಷಸನ ಹಾಗೆ ಇರುತ್ತಾನೆ ಎಂದುಕೊಂಡಿದ್ದೆ. ಬಸ್ಸು ಕೇಳುವವರ ಹಾಗೇ ಇದ್ದ.

“ನಮಸ್ಕಾರ ಅಮ್ಮ. ಇವಳು ನನ್ನ ಹೆಂಡತಿ. ಮನೆ ಬಿಟ್ಟು ಹನ್ನೊಂದು ವರ್ಷ ಆಯ್ತು, ತಲೆ ಸರಿಯಿಲ್ಲ ಪಾಪ. ಇಲ್ಲೇ ಎಲ್ಲೋ ಇದಾಳಂತೆ.”

ಮೊಬೈಲು ಗಾಜಿಗೆ ಹಿಡಿದ. ಗೋಡೆಯ ಮೇಲಿದ್ದ ಫೋಟೋ ಅಲ್ಲ, ಮೇಷ್ಟ್ರು ಆಮೇಲೆ ತೆಗೆದ ಆರರಲ್ಲಿ ಒಂದು. ಬೆಳಕಿಗೆ ಮುಖ ಕೊಟ್ಟು, ಬಾಯಿ ಅರ್ಧ ತೆರೆದು ನಿಂತಿದ್ದಾಳೆ. ‘ತೆಗೀರಿ ಅಂದ್ರೆ’ ಎನ್ನುತ್ತಿದ್ದ ಗಳಿಗೆ ಇರಬೇಕು ಅದು.

ಇಪ್ಪತ್ತಾರು ವರ್ಷದಲ್ಲಿ ಈ ಕಿಟಕಿಯಿಂದ ಬೇಕೆಂದು ತಪ್ಪು ಉತ್ತರ ಕೊಟ್ಟವಳಲ್ಲ ನಾನು. “ಗೊತ್ತಿಲ್ಲ,” ಎಂದೆ. “ಸ್ವಲ್ಪ ಇರಿ, ಬಸ್ಸು ಕೂಗಬೇಕು.”

ಮೈಕಿನ ಗುಂಡಿ ಒತ್ತಿದೆ. “ಪ್ರಯಾಣಿಕರ ಗಮನಕ್ಕೆ. ಏಳನೇ ಪ್ಲಾಟ್‌ಫಾರ್ಮ್‌ನಿಂದ ಹೊರಡುವ ಬಸ್ಸು ಈಗಲೇ ಹೊರಡಲಿದೆ. ದಯವಿಟ್ಟು ತಡ ಮಾಡಬೇಡಿ.” ಮತ್ತೊಮ್ಮೆ ಕೂಗಿದೆ. ಗಂಟಲು ಒಡೆಯಿತು. ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು, ಮೈಕಮ್ಮನಿಗೆ ಅರಳು ಮರಳು ಶುರುವಾಯಿತು ಎಂದು. ನಗಲಿ ಬಿಡಿ. ಆ ಮನುಷ್ಯ ನಿಲ್ದಾಣದ ಆರೂ ಪ್ಲಾಟ್‌ಫಾರ್ಮ್ ಸುತ್ತಿದ, ಹೆಂಗಸರ ಕಾಯುವ ಕೋಣೆಯನ್ನೂ ಇಣುಕಿದ. ಎರಡು ದಿನ ಬಂದ, ಆಮೇಲೆ ಬರಲಿಲ್ಲ.

ಅವಳೂ ಬರಲಿಲ್ಲ. ಸ್ಟೋರ್ ರೂಮಿನ ಹಿಂದೆ ಹೋಗಿ ನೋಡಿದೆ, ಚಪ್ಪಡಿಯ ಮೇಲೆ ಅವಳ ಪೊರಕೆ ಇತ್ತು. ಹಿಂಬಾಗಿಲ ಹೊರಗೆ ರಸ್ತೆಯಲ್ಲಿ ಬಸ್ಸಿಗೆ ಕೈ ಮಾಡಿ ಹತ್ತಿದಳು, ಹಿಂದಿನ ಸೀಟಿನಲ್ಲಿ ಕೂತಳು ಎಂದು ಒಬ್ಬ ಡ್ರೈವರು ನನ್ನೊಬ್ಬಳಿಗೇ ಹೇಳಿದ. ಎಲ್ಲಿ ಇಳಿದಳು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನನಗೆ ಗೊತ್ತಿರುತ್ತಿತ್ತು.

ಮೇಷ್ಟ್ರು ಈಗಲೂ ಭಾನುವಾರ ಬರುತ್ತಾರೆ, ಬರಿಗೊರಳಲ್ಲಿ. ಬೆಂಚಿನ ಮೇಲೆ ಕೂರುತ್ತಾರೆ. “ಏನಾದ್ರೂ ಸುದ್ದಿ?” ಎಂದು ಕಣ್ಣಲ್ಲೇ ಕೇಳುತ್ತಾರೆ, ನಾನು ಇಲ್ಲ ಎಂದು ತಲೆ ಆಡಿಸುತ್ತೇನೆ.

ಒಮ್ಮೆ ಅವಳನ್ನು ಕೇಳಿದ್ದೆ, “ಇಷ್ಟೊಂದು ಛತ್ರಿ ಮರೆತು ಹೋಗ್ತಾರಲ್ಲೇ ಜನ?” ಎಂದು. “ಎಲ್ಲ ಮರೆತದ್ದಲ್ಲ ಅಕ್ಕ, ಕೆಲವನ್ನ ಬೇಕು ಅಂತಲೇ ಬಿಟ್ಟು ಹೋಗಿರ್ತಾರೆ,” ಎಂದಿದ್ದಳು.

ಅವಳು ಹೋದ ನಾಲ್ಕನೇ ದಿನ ಹೊಸ ಕೆಲಸದವಳು ಬಂದು ಎರಡು ಛತ್ರಿಯ ಜೊತೆ ಒಂದು ಗುರುತಿನ ಚೀಟಿಯನ್ನೂ ಕೌಂಟರಿನ ಮೇಲೆ ಇಟ್ಟಳು. ಹಿಂದಿನ ಸೀಟಿನ ಸಂದಿಯಲ್ಲಿ ಸಿಕ್ಕಿತಂತೆ. ಖಾಲಿ ಬದಿ ಮೇಲಿತ್ತು. ನಾನು ತಿರುಗಿಸಿ ನೋಡಲಿಲ್ಲ, ಹಾಗೇ ಡ್ರಾಯರಿನೊಳಗೆ ಇಟ್ಟು ಬೀಗ ಹಾಕಿದೆ. ರಿಜಿಸ್ಟರ್ ತೆರೆದೆ. ದಿನಾಂಕ ಬರೆದೆ, ವಸ್ತು ಬರೆದೆ, ಸಿಕ್ಕಿದ ಜಾಗ ಬರೆದೆ. ‘ಯಾರದು’ ಎಂಬ ಖಾನೆಯಲ್ಲಿ ‘ಗೊತ್ತಿಲ್ಲ’ ಎಂದು ಬರೆದೆ.