ಬಳೆ ಏರಿಸುವವಳು

ಹೊಗೆಸೊಪ್ಪಿನ ಎಲೆ ಕಟ್ಟುವ ಕಾಲದಲ್ಲಿ ನಮ್ಮ ಮನೆಯ ಟಿವಿ ರಿಮೋಟನ್ನು ಯಾರೂ ಮುಟ್ಟುವ ಹಾಗಿಲ್ಲ. ಹಸಿ ಎಲೆಯ ಅಂಟು ಕೈಗೆ ಕಪ್ಪಗೆ ಮೆತ್ತಿಕೊಂಡರೆ ಸೋಪಿಗೂ ಬಗ್ಗುವುದಿಲ್ಲ. ಮದುವೆಯಾಗಿ ಬೆಟ್ಟದಪುರದ ಪಕ್ಕದ ಈ ಊರಿಗೆ ಬಂದ ಮೊದಲ ವರ್ಷ, ಅದೇ ಕೈಯಲ್ಲಿ ನಾನು ಚಾನೆಲ್ ಬದಲಿಸಲು ಹೋಗಿ ಎರಡು ಗುಂಡಿಗಳು ಒಳಗೇ ಕೂತುಬಿಟ್ಟವು. ಅಂದಿನಿಂದ ರಿಮೋಟಿಗೆ ಪ್ಲಾಸ್ಟಿಕ್ ಕವರು. ಮಧ್ಯಾಹ್ನದ ಊಟವಾದ ಮೇಲೆ ಟಿವಿಯನ್ನು ಕಿಟಕಿಯ ಕಡೆ ತಿರುಗಿಸಿ, ಧಾರಾವಾಹಿಗಳ ಮರುಪ್ರಸಾರ ಬರುವ ಚಾನೆಲ್ ಹಾಕಿ, ಜಗಲಿಯಲ್ಲಿ ಎಲೆಯ ರಾಶಿಯ ಮುಂದೆ ಕೂತರೆ ಮುಗಿಯಿತು. ಪಕ್ಕದ ಚಾನೆಲ್ಲಿನಲ್ಲಿ ಪ್ರಳಯವೇ ಆದರೂ ಸಂಜೆಯವರೆಗೆ ನಮಗೆ ಅದೇ ಗತಿ.

ಜಗಲಿಯಲ್ಲಿ ಕೂರುತ್ತಿದ್ದವರು ನನ್ನ ಅತ್ತೆ, ನಾನು, ಮತ್ತೆ ಮುಯ್ಯಾಳಿಗೆ ಬರುವ ನಾಲ್ಕಾರು ಹೆಂಗಸರು. ಅವರು ನಮ್ಮ ಎಲೆ ಕಟ್ಟುತ್ತಾರೆ, ನಾಳೆ ನಾವು ಅವರದ್ದು ಕಟ್ಟುತ್ತೇವೆ. ಧಾರಾವಾಹಿ ಎಂದರೆ ಮೂಗು ಮುರಿಯುವವರನ್ನು ಹಿಡಿದು ತಂದು ಈ ಜಗಲಿಯಲ್ಲಿ ಒಂದು ದಿನ ಕೂರಿಸಬೇಕು ಅನ್ನಿಸುತ್ತದೆ ನನಗೆ. ಕೈ ಎಲೆಯನ್ನು ಒಣಗಿಸುವ ಕಡ್ಡಿಗೆ ಕಟ್ಟುತ್ತಿರುತ್ತದೆ, ಕಣ್ಣು ಕಿಟಕಿಯಲ್ಲಿರುತ್ತದೆ, ಬಾಯಿ ಮಾತ್ರ ಪಾತ್ರಗಳಿಗೆ ಬುದ್ಧಿ ಹೇಳುತ್ತಿರುತ್ತದೆ. ಅವರು ಕೇಳುವುದಿಲ್ಲ, ಅದು ಬೇರೆ ಮಾತು.

ಆಗ ನಾವು ನೋಡುತ್ತಿದ್ದದ್ದು ಒಂದು ದೊಡ್ಡಮನೆಯ ಕತೆ. ಅದರ ನಾಯಕಿ ಆ ಮನೆಯ ಕಿರಿಮಗಳು. ದೀಪ ಹಚ್ಚುವುದು, ಅಳುವುದು, ಕ್ಷಮಿಸುವುದು ಅವಳ ಕೆಲಸ. ಹಿರಿಮಗಳು ಖಳನಾಯಕಿ. ಗಂಡನ ಮನೆಯಿಂದ ಬಂದು ಅಪ್ಪನ ಆಸ್ತಿಯಲ್ಲಿ ಅಣ್ಣಂದಿರ ಮುಂದೆ ಪಾಲು ಕೇಳಿದ್ದೇ ಅವಳ ಮೊದಲ ಪಾಪ. ಮಾತಾಡುವ ಮುಂಚೆ ಅವಳು ಕೈಯ ಬಳೆಗಳನ್ನು ಮೊಣಕೈವರೆಗೆ ಏರಿಸುತ್ತಿದ್ದಳು. ತಕ್ಷಣ ಹಿಂದಿನಿಂದ ಢಂ ಢಂ ಎಂದು ತಮಟೆ. ನಮ್ಮ ಹೆಂಗಸರು "ಬಂದ್ಲು ಮಾರಿ" ಎಂದು ಶಪಿಸುತ್ತಿದ್ದರು.

ಅತ್ತೆಗೆ ಮಾತ್ರ ಅವಳೆಂದರೆ ಪ್ರೀತಿ. "ಕೆಲ್ಸಕ್ಕೆ ಇಳಿಯೋಳ ಥರ ಬಳೆ ಏರಿಸ್ತಾಳೆ ನೋಡವ್ವ" ಎಂದು ನನಗೆ ತೋರಿಸುತ್ತಿದ್ದರು. ನಾವೂ ಎಲೆ ಮುಟ್ಟುವ ಮುಂಚೆ ಅಂಟು ತಾಗದಿರಲಿ ಎಂದು ಗಾಜಿನ ಬಳೆಗಳನ್ನು ಹಾಗೇ ಮೇಲೇರಿಸುತ್ತೇವೆ. ಒಂದು ದಿನ ಆ ಹಿರಿಮಗಳು ತಂಗಿಯ ಹಾಲಿಗೆ ಏನೋ ಪುಡಿ ಬೆರೆಸಿದಳು. ಈಗೇನು ಹೇಳುತ್ತೀ ಎಂಬಂತೆ ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಕಡ್ಡಿಯಿಂದ ಕಣ್ಣೆತ್ತಲಿಲ್ಲ.

"ಅದು ಬರೆಯೋನು ಸೇರ್ಸಿರೋದು, ಬುಡಿ. ಪಾಲು ಕೇಳಿದ್ದು ಮಾತ್ರ ಅವಳೇಯ."

ನಾನು ಕಾಲೇಜಿಗೆ ಹೋದವಳು, ಕತೆ ಕಾದಂಬರಿ ಓದಿದವಳು. ಪಾತ್ರ ತಾನಾಗಿ ಮಾಡಿದ್ದು ಯಾವುದು, ಬರೆಯುವವನು ಅದರ ತಲೆಗೆ ಕಟ್ಟಿದ್ದು ಯಾವುದು ಎಂದು ಇಷ್ಟು ಸಲೀಸಾಗಿ ಬೇರೆ ಮಾಡಿದವರನ್ನು ನಾನು ಕಂಡಿರಲಿಲ್ಲ. ಅವತ್ತಿನಿಂದ ನಾನು ಟಿವಿಗಿಂತ ಅತ್ತೆಯನ್ನೇ ಹೆಚ್ಚು ನೋಡತೊಡಗಿದೆ.

ನಾಯಕಿ ತನ್ನ ಹಕ್ಕನ್ನೆಲ್ಲ ಅಣ್ಣಂದಿರಿಗೆ ಬಿಟ್ಟುಕೊಟ್ಟು ರುಜು ಹಾಕಿದ ದಿನ ಜಗಲಿಯಲ್ಲಿ ಅಳು. ಕೈ ಅಂಟಾದ್ದರಿಂದ ಎಲ್ಲರೂ ಕಣ್ಣೀರನ್ನು ತೋಳಿಗೆ ಒರೆಸಿಕೊಂಡರು. ಅತ್ತೆಗೆ ರೇಗಿತು.

"ಅಳೋಕೇನದೆ ಇದ್ರಲ್ಲಿ? ಏನು ಅಂತ ಓದಿ ಕೂಡ ನೋಡ್ನಿಲ್ಲ ಅವ್ಳು!"

ಅಷ್ಟು ರೇಗಲು ಕಾರಣವಿತ್ತು. ಕೆ.ಆರ್. ನಗರದ ಕಡೆ, ನಾಲೆ ಬಯಲಿನಲ್ಲಿ ಅವರ ತವರು. ಅಪ್ಪ ತೀರಿಹೋಗಿದ್ದರು. ಗದ್ದೆಯನ್ನು ಭಾಗ ಮಾಡಿಕೊಳ್ಳಲು ಅವರ ಅಣ್ಣ ಮತ್ತು ತಮ್ಮ ಓಡಾಡುತ್ತಿದ್ದರು. ಅದಕ್ಕೆ ಅತ್ತೆಯ ರುಜುವೂ ಬೇಕಿತ್ತು. ನಮ್ಮ ಕಡೆ ಹೆಣ್ಣುಮಕ್ಕಳು ಸಾಮಾನ್ಯವಾಗಿ ಒಂದು ಸೀರೆ ತಗೊಂಡು ರುಜು ಹಾಕಿ ಬರುತ್ತಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚಿತು ಎಂದೇ ಅರ್ಥ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಅಣ್ಣತಮ್ಮಂದಿರು ಮೊರದಲ್ಲಿ ಬಾಗಿನ ತರುತ್ತಿದ್ದರು: ಅಕ್ಕಿ, ಬೆಲ್ಲ, ಕುಪ್ಪಸದ ಬಟ್ಟೆ, ಹಸಿರು ಬಳೆ. ಆ ಅಕ್ಕಿಯನ್ನು ಅತ್ತೆ ಬೇರೆ ಡಬ್ಬದಲ್ಲಿಟ್ಟು ತಮ್ಮ ಕೈಯಾರೆ ಪಾಯಸ ಮಾಡುತ್ತಿದ್ದರು. ಮನೆಯ ಅಕ್ಕಿಯನ್ನು ಅದಕ್ಕೆ ಸೇರಿಸಲು ಬಿಡುತ್ತಿರಲಿಲ್ಲ.

ಆ ವರ್ಷದ ಹಬ್ಬ ಹತ್ತಿರ ಬಂದಾಗಲೇ ಧಾರಾವಾಹಿಯಲ್ಲಿ ಹಿರಿಮಗಳ ಕತೆ ಮುಗಿಸಿದರು. ಅವಳ ಬಳೆ ಒಡೆಸಿ, ತಲೆ ಕೆದರಿಸಿ, ತಂಗಿಯ ಕಾಲಿಗೆ ಬೀಳಿಸಿದರು. ನಮ್ಮ ಹೆಂಗಸರಿಗೆ ಹಬ್ಬ ಅವತ್ತೇ ಆಗಿಹೋಯಿತು. ಅತ್ತೆ ಇನ್ನೊಂದಿಷ್ಟು ಎಲೆ ಕಟ್ಟಿದರು. ಕಡ್ಡಿ ತುಂಬಿದ ಮೇಲೆ, "ಅವಳೇನು ಸೋತಿಲ್ಲ ಕಣವ್ವ. ಬರೆಯೋನು ಸೋಲಿಸವ್ನೆ" ಎಂದರು.

ಎರಡು ದಿನ ಬಿಟ್ಟು ಅಣ್ಣತಮ್ಮಂದಿರು ಬಾಗಿನ ತಂದರು. ಅತ್ತೆ ಕೈ ತೊಳೆದು, ಬಳೆ ಇಳಿಸಿಕೊಂಡು, ಜಗಲಿಯ ಇನ್ನೊಂದು ತುದಿಯಲ್ಲಿ ಅವರಿಗೆ ಕಾಫಿ ಕೊಟ್ಟು ಎದುರಿಗೆ ಕೂತರು. ನಾವು ಎಲೆ ಕಟ್ಟುತ್ತಲೇ ಇದ್ದೆವು.

"ಬರೋ ವಾರ ರಿಜಿಸ್ಟರ್ ಆಫೀಸಿಗೆ ಬಂದು ಒಂದು ರುಜು ಹಾಕ್ಬುಡವ್ವ. ನಮ್ಮಿಬ್ಬರ ಭಾಗ ಮುಗೀತದೆ" ಎಂದರು ಅಣ್ಣ.

ಅತ್ತೆ ಎರಡೂ ಕೈಯ ಬಳೆಗಳನ್ನು ಮೊಣಕೈವರೆಗೆ ಏರಿಸಿದರು.

ಜಗಲಿಯಲ್ಲಿ ಎಲ್ಲರ ಕೈ ನಿಂತಿತು. ಟಿವಿಯಲ್ಲಿ ಯಾವುದೋ ಸೋಪಿನ ಜಾಹೀರಾತು ಓಡುತ್ತಿತ್ತು. ನನ್ನ ಕಿವಿಯಲ್ಲಿ ಮಾತ್ರ ತಮಟೆ ಬಡಿಯಿತು, ಸುಳ್ಳಲ್ಲ.

"ಹಾಕ್ತೀನಿ ಕಣಣ್ಣ. ಅದ್ರಲ್ಲಿ ನಂದೂ ಒಂದು ಭಾಗ ಬರೆದಿದ್ರೆ ಹಾಕ್ತೀನಿ."

ಅಣ್ಣನ ಮುಖ ಕಪ್ಪಿಟ್ಟಿತು. "ಕೊಟ್ಟ ಎಣ್ಣು ಕುಲಕ್ಕೆ ವರಗು ಅಂತಾರೆ ಕಣವ್ವ, ಮರ್ತ್ಯಾ?"

"ಅಂಗಾದ್ರೆ ವರಗಿನೋಳ ರುಜು ನಿಮ್ಗ್ಯಾಕಣ್ಣ ಬೇಕು?"

ಅವರು ಎದ್ದು ಹೋದರು. ಕಾಫಿ ಲೋಟಗಳಲ್ಲಿ ಕೆನೆ ಕಟ್ಟಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಯಾರೂ ಮಾರಿ ಅನ್ನಲಿಲ್ಲ. ನನಗೆ ಎದ್ದು ಕುಣಿಯಬೇಕು ಅನ್ನಿಸಿತ್ತು. ಆದರೆ ಬಾಗಿನದ ಮೊರ ಎತ್ತಿಕೊಂಡು ಒಳಗೆ ಹೋದ ಅತ್ತೆ ದೇವರ ಗೂಡಿನ ಮುಂದೆ ಕೂತು ಅಳುತ್ತಿದ್ದರು. "ಇನ್ಮೇಲೆ ಇದು ಬರ್ದೇ ಹೋದ್ರೆ ಏನವ್ವ ಮಾಡ್ಲಿ?" ಎಂದು ನನ್ನನ್ನು ಕೇಳಿದರು. ನಾನು ಪಕ್ಕದಲ್ಲಿ ಕೂತೆ.

ಒಂದು ವರ್ಷ ತವರಿನಿಂದ ಫೋನಿಲ್ಲ. ಯುಗಾದಿಗೂ ಇಲ್ಲ. ಆ ಧಾರಾವಾಹಿ ಮುಗಿದು, ಅದೇ ಮನೆಗೆ ಬೇರೆ ಪರದೆ ಹಾಕಿ ಇನ್ನೊಂದು ಶುರುವಾಯಿತು. ಹೊಸ ಖಳನಾಯಕಿಯನ್ನು ಅತ್ತೆ ಒಪ್ಪಲಿಲ್ಲ. "ಇವ್ಳಿಗೆ ಏನು ಬೇಕು ಅಂತ ಇವ್ಳಿಗೇ ಗೊತ್ತಿಲ್ಲ, ಸುಮ್ನೆ ಹುಬ್ಬು ಕುಣಿಸ್ತಾಳೆ" ಎಂದರು. ಸರಿಯಾದ ವಿಮರ್ಶೆಯೇ. ಮತ್ತೆ ಎಲೆ ಬಂತು, ಮತ್ತೆ ಗೌರಿ ಹಬ್ಬ ಹತ್ತಿರವಾಯಿತು. ಅತ್ತೆಯ ಕಣ್ಣು ಕಿಟಕಿ ಬಿಟ್ಟು ರಸ್ತೆಯ ಮೇಲಿತ್ತು. ನಾವೆಲ್ಲ ನೋಡಿಯೂ ನೋಡದವರಂತೆ ಇದ್ದೆವು.

ಹಬ್ಬದ ಹಿಂದಿನ ದಿನ ಅತ್ತೆಯ ತಮ್ಮ ಒಬ್ಬರೇ ಬೈಕಿನಲ್ಲಿ ಬಂದರು. ಮೊರ ಇಳಿಸಿ ಎಲೆಯ ರಾಶಿಯ ಪಕ್ಕದಲ್ಲಿಟ್ಟು ನಿಂತೇ ಮಾತಾಡಿದರು.

"ನಾಲೆ ಪಕ್ಕದ ಗದ್ದೆ ನಿನ್ನ ಹೆಸರಿಗೆ ಬುಡ್ತೀವಿ ಕಣಕ್ಕ. ಅಣ್ಣನೂ ಒಪ್ಪವ್ನೆ. ಒಂದೇ ಮಾತು. ನೀನು ಕೇಳ್ದೆ ಅಂತ ಯಾರ ಮುಂದೂ ಹೇಳ್ಬೇಡ. ನಾವೇ ಮನಸ್ಸು ಮಾಡಿ ಕೊಟ್ಟೋ ಅನ್ನು."

ಧಾರಾವಾಹಿಯಾಗಿದ್ದರೆ ಇಲ್ಲಿ ಕೊಳಲು ನುಡಿಯಬೇಕು, ಅಕ್ಕ ತಮ್ಮ ಅಪ್ಪಿಕೊಂಡು ಅಳಬೇಕು. ಹೂಂ ಅಂದುಬಿಡಲಿ ಎಂದು ನಾನೂ ಬೇಡಿಕೊಂಡೆ. ಗದ್ದೆ ಬಂತು, ಬಾಗಿನವೂ ಬಂತು, ಒಂದು ಮಾತಿನಲ್ಲಿ ಹೋಗುವುದೇನು? ಏರಿಸೋಣವೆಂದರೆ ಅತ್ತೆಯ ಬಳೆಗಳು ಮೊದಲೇ ಏರಿದ್ದವು. ಕೈತುಂಬ ಅಂಟು. ಅವರು ಮೊರವನ್ನು ನೋಡಿದರು, ಆಮೇಲೆ ತಮ್ಮನನ್ನು ನೋಡಿದರು.

"ಕೇಳಿ ಈಸ್ಕೊಂಡೆ ಅಂತ್ಲೇ ಹೇಳ್ತೀನಿ ಕಣ್ಲಾ. ನಿಂಗೂ ಇಬ್ರು ಎಣ್ಮಕ್ಳವ್ರೆ. ಕೇಳ್ಬೋದು ಅಂತ ಅವ್ಕೂ ಗೊತ್ತಾಗ್ಲಿ."

ತಮ್ಮ ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಅಕ್ಕನ ಪಕ್ಕ ಕೂತು, "ಒಂದು ಲೋಟ ಕಾಫಿ ಕೊಡವ್ವ" ಎಂದು ನನ್ನನ್ನು ಕೇಳಿದರು. ನಾನು ಕೈ ತೊಳೆಯಲು ಎದ್ದೆ.