ಶೇಷಮ್ಮ ಮತ್ತು ಕಲ್ಲಮ್ಮನವರ ಒರಳು

ಮಲವಗೊಪ್ಪದ ಆಶಾ ಕಾರ್ಯಕರ್ತೆ ಶೇಷಮ್ಮನ ಟಾರ್ಚಿಗೆ ಸೊಳ್ಳೆಗಳು ಹೆದರುತ್ತಿದ್ದವು. ಜನ ಮಾತ್ರ ಹೆದರುತ್ತಿರಲಿಲ್ಲ. ಡ್ರಮ್ಮು, ತೆಂಗಿನ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ, ನೀರು ನಿಂತಲ್ಲೆಲ್ಲ ಅವಳು ಬಗ್ಗಿ ನೋಡುವವಳೇ. ಮದುವೆ ಊಟಕ್ಕೆ ಕೂತರೂ ಮೊದಲು ಲೋಟದ ನೀರಿಗೆ ಟಾರ್ಚು ಬಿಟ್ಟು ಆಮೇಲೆ ಪಲ್ಯಕ್ಕೆ ಕೈ ಹಾಕುತ್ತಾಳೆ ಅಂತ ಗಂಡ ರಂಗಪ್ಪನೇ ಊರೆಲ್ಲ ಹೇಳಿಕೊಂಡು ಬಂದಿದ್ದ. ಆ ಮಳೆಗಾಲದಲ್ಲಂತೂ ಸೊಳ್ಳೆಗಳು ಎಷ್ಟು ಕೊಬ್ಬಿದ್ದವೆಂದರೆ, ಭದ್ರಾವತಿ ಬಸ್ಸಿನ ಕಂಡಕ್ಟರು ಅವಕ್ಕೂ ಟಿಕೆಟ್ ಹರಿಯುತ್ತಿದ್ದ.

ಕಲ್ಲಮ್ಮನವರ ಬೀದಿಯಲ್ಲಿ ಡೆಂಗಿ ಕಾಣಿಸಿಕೊಂಡ ಮೇಲೆ ಶೇಷಮ್ಮನ ನಗು ನಿಂತಿತು. ಕಲ್ಲಮ್ಮನವರ ಸೊಸೆ ತನುಜಾ ತುಂಬು ಬಸುರಿ. ತಿಂಗಳು ತಿಂಗಳು ತಪಾಸಣೆಗೆ ಕರೆದೊಯ್ದವಳು ಶೇಷಮ್ಮನೇ. ಹಿಂದಿನ ವರ್ಷ ಇದೇ ಜ್ವರ ಬಂದ ಬಸುರಿಯೊಬ್ಬಳ ಪಕ್ಕ ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೂತಿದ್ದಳು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಆ ಮನೆಯ ಹಿತ್ತಿಲಲ್ಲಿ, ಮಿಕ್ಸಿ ಬಂದ ಮೇಲೆ ಹೊರಬಿದ್ದ ಒರಳುಕಲ್ಲೊಂದಿತ್ತು. ಸಕ್ರೆಬೈಲಿನ ಬಿಡಾರದ ಆನೆಯೂ ಒಮ್ಮೆ ಯೋಚಿಸಿಯೇ ಸೊಂಡಿಲು ಹಾಕಬೇಕಾದ ಕಲ್ಲು. ಅದರ ಕುಳಿಯ ತುಂಬ ಮಳೆನೀರು, ನೀರಿನ ತುಂಬ ಸೊಳ್ಳೆಮರಿ.

“ಕಲ್ಲಮ್ಮಾರೆ, ಮಣ್ಣು ತುಂಬಿಬಿಡ್ತೀನಿ.”

“ನಮ್ಮತ್ತೆ ರುಬ್ಬಿದ ಕಲ್ಲು ಮಾರಾಯ್ತಿ! ಉಣ್ಣೋ ಕಲ್ಲಿಗೆ ಮಣ್ಣು ಹಾಕ್ತಾರಾ?”

“ಔಷಧಿನಾದ್ರೂ ಹಾಕ್ಲಾ?”

“ಯಾಕೆ, ಕಲ್ಲಿಗೂ ಜ್ವರ ಬಂದಿದ್ಯಾ?”

ಶೇಷಮ್ಮ ನೀರು ತೋಡಿ ಚೆಲ್ಲಿದಳು. ಅವಳು ಗೇಟು ದಾಟುವಷ್ಟರಲ್ಲಿ ಕಲ್ಲಮ್ಮ ಕೊಡ ತಂದು ಮತ್ತೆ ತುಂಬಿಸಿದರು. “ರುಬ್ಬೋ ಒರಳು ಬರಿದಾಗಿದ್ರೆ ಚಿಂತೆಯಿಲ್ಲ. ರುಬ್ಬೋದು ಬಿಟ್ಟ ಒರಳು ಬರಿದಾಗಿರಬಾರ್ದು, ಅದರಲ್ಲೂ ಬಸುರಿ ಇರೋ ಮನೇಲಿ.”

ರುಬ್ಬುವ ಒರಳಾದರೆ ಚಿಂತೆಯಿಲ್ಲ! ಶೇಷಮ್ಮ ಗೇಟಿನಿಂದಲೇ ಹಿಂತಿರುಗಿ, ಒಳಗೆ ಹೋಗಿ ತನುಜಾಳ ಕಿವಿಯಲ್ಲಿ ಏನೋ ಉಸುರಿದಳು.

“ಅತ್ತೆ,” ತನುಜಾ ಮುಖ ಸಣ್ಣ ಮಾಡಿಕೊಂಡು ಬಂದಳು, “ಒರಳಲ್ಲಿ ರುಬ್ಬಿದ ಕಾಯಿಚಟ್ನಿ ತಿನ್ಬೇಕು ಅನ್ನಿಸ್ತಿದೆ.”

ಬಸುರಿಯ ಬಯಕೆ! ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದಲ್ಲ. ಸರ್ಕಾರಕ್ಕೆ ಅಲುಗದ ಕಲ್ಲಮ್ಮ ಸೆರಗು ಸಿಕ್ಕಿಸಿ, ನೀರು ಚೆಲ್ಲಿ, ತೆಂಗಿನ ನಾರು ಹಿಡಿದು ಕುಳಿ ಉಜ್ಜಿದ ರಭಸಕ್ಕೆ ಕಲ್ಲು ಅರ್ಧ ಸವೆಯಿತು. ಗುಂಡು ತಿರುಗಿಸುವ ಕೆಲಸ ಶೇಷಮ್ಮನ ಪಾಲಿಗೆ ಬಂತು.

ಎರಡು ದಿನ ಬಿಟ್ಟು ದೋಸೆಯ ಬಯಕೆ. ಆಮೇಲೆ ಉದ್ದಿನವಡೆ. ವಡೆಯ ಹಿಟ್ಟು ನುಣ್ಣಗಾಗುವಾಗ ಕಲ್ಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಲೇ ಶೇಷಮ್ಮ, ಇದು ಇವಳ ಬಯಕೆಯೋ, ನಿಮ್ಮ ಇಲಾಖೆದೋ?”

ಶೇಷಮ್ಮ ಗುಂಡು ನಿಲ್ಲಿಸಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹಿಂದಿನ ವರ್ಷದ ಆ ಮಗುವಿನ ಸಂಗತಿ ಹೇಳಿಬಿಟ್ಟಳು. “ಬಟ್ಟೆ ಸುತ್ತಿ ನನ್ನ ಕೈಗೇ ಕೊಟ್ರು ಅಮ್ಮಾರೆ.”

ಕಲ್ಲಮ್ಮ ಸೊಸೆಯನ್ನೊಮ್ಮೆ ನೋಡಿದರು. ಆಮೇಲೆ ಕಾಂಪೌಂಡಿನ ಹತ್ತಿರ ಹೋಗಿ, ಪಕ್ಕದ ಮನೆಯವಳನ್ನು ದೂರದ ಹೊಳೆಹೊನ್ನೂರಿಗೂ ಕೇಳುವಂತೆ ಕೂಗಿದರು:

“ಏ ಶರಾವತೀ! ನಿಮ್ಮ ಒರಳು ತೊಳೆದಿಡೇ. ನಾಳೆ ನಮ್ಮ ತನುಜಂಗೆ ನಿಮ್ಮ ಕಲ್ಲಿನ ಚಟ್ನಿನೇ ಬೇಕಂತೆ!”

“ಬಸುರಿ ಕೇಳಿದ್ರೆ ಇಲ್ಲ ಅಂತೀನಾ ಕಲ್ಲಮ್ಮಾರೆ? ಆದ್ರೆ ತಿರುಗಿಸೋರ್ಯಾರು?”

“ಇದಾಳಲ್ಲ, ಶೇಷಮ್ಮ!”

ಶೇಷಮ್ಮ ಬೀದಿಯುದ್ದಕ್ಕೂ ಒಂದೊಂದು ಒರಳು ಬಿದ್ದಿದ್ದ ಹಿತ್ತಿಲುಗಳತ್ತ ಒಮ್ಮೆ ಕಣ್ಣು ಹಾಯಿಸಿ, ಬಲದೋಳು ನೀವಿಕೊಂಡು, ಗುಂಡನ್ನು ಎಡಗೈಗೆ ಬದಲಾಯಿಸಿದಳು.