ಒತ್ತಬೇಕು, ತಿಕ್ಕಬಾರದು

ಆ ಅಕ್ಕನವರ ಛತ್ರಿ ನೀಲಿಯೋ ಹಸಿರೋ, ಈಗ ಖಚಿತವಿಲ್ಲ. ನೆನಪಿನಲ್ಲಿ ನಾನೇ ಬಣ್ಣ ಬದಲಿಸಿರಬಹುದು. ಅತನೂರಿನ ಕಡೆ ಬೆಳೆ ಸಮೀಕ್ಷೆಗೆ ಹೋಗುತ್ತಿದ್ದ ನಮ್ಮ ತಂಡಕ್ಕೆ ಅವರೇ ಹಿರಿಯರು. ನನ್ನದು ಎಣ್ಣೆ ಮುಖ, ಗಲ್ಲದ ತುಂಬ ಮೊಡವೆ. ಬೆವರಿನ ಮೇಲೆಯೇ ಸನ್‌ಸ್ಕ್ರೀನ್ ತಿಕ್ಕಿ ಉರಿ ಹೆಚ್ಚಿಸಿಕೊಂಡು, ಅದನ್ನು ಬಿಟ್ಟೇಬಿಟ್ಟಿದ್ದೆ. ಬಿಸಿಲಿಗೆ ಮೊಡವೆಯ ಕಲೆಗಳು ಕಪ್ಪಾಗುತ್ತಲೇ ಹೋದವು.

ಅವರು ಎರಡು ತಾಸಿಗೊಮ್ಮೆ ಬೇವಿನ ನೆರಳಲ್ಲಿ ಕೂತು, ಹಳೆಯ ಧೋತರದ ತುಂಡಿನಿಂದ ಮುಖದ ಜಿಡ್ಡು ತೆಗೆದು, ಆಮೇಲೆ ಸನ್‌ಸ್ಕ್ರೀನ್ ತೆಳ್ಳಗೆ ಹಚ್ಚಿಕೊಳ್ಳುತ್ತಿದ್ದರು. “ಒತ್ತಬೇಕು ತಂಗಿ, ತಿಕ್ಕಬಾರ್ದು.”

ಒಮ್ಮೆ ಘತ್ತರಗಿಯ ಗುಡಿ ಮೆಟ್ಟಿಲ ಮೇಲೆ ನನ್ನ ಮುಖಕ್ಕೂ ಬೊಟ್ಟುಬೊಟ್ಟಾಗಿ ಇಟ್ಟರು. ವಿಭೂತಿಯೆಂದು ತಿಳಿದ ಮುದುಕಿಯೊಬ್ಬಳು ಬಂದು ಹಣೆ ಚಾಚಿದಳು.

“ನನಗೂ ಹಚ್ಚಬೇ.”

“ಆಯಿ, ಇದು ಬಿಸಲಿಗಿ ಹಚ್ಚೋ ಮುಲಾಮು.”

“ಬಿಸಲು ನನಗೇನ್ ಬಿಟ್ಟದೇನು?”

ಅವರು ನಗುತ್ತ ಆ ಸುಕ್ಕುಗಲ್ಲಕ್ಕೂ ಮೆಲ್ಲಗೆ ಒತ್ತಿ ಹಚ್ಚಿದರು. ಅಂದಿನಿಂದ ನಾನೂ ಬಿಡಲಿಲ್ಲ, ಕಲೆಗಳು ತಿಳಿಯಾಗಿವೆ.

ಅವ್ವನ ಗಲ್ಲದ ಮೇಲೂ ಅಂಥವೇ ಹಳೆಯ ಕಲೆಗಳಿವೆ. ಹೋದ ವಾರ ಅವಳನ್ನು ಕೇಳಿದೆ: “ನಿನಗ ಮೊಡವಿ ಎದ್ದಾಗ ಯಾರರ ಏನರ ಹಚ್ಚಿದ್ರೇನವ್ವಾ?”